ಹುಂಜನ ಕೂಗು, ನೆರೆಮನೆಯ ನಿದ್ದೆ

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ಜಂಬಪಟ್ಟ ಮುದುಕಿಯ ಕತೆಯನ್ನು ಕೇಳದ ಕನ್ನಡದ ಮಕ್ಕಳು ವಿರಳ. ಊರವರ ಮೇಲೆ ಮುನಿದು ಅವಳು ಕೋಳಿಯನ್ನು ಕಂಕುಳಲ್ಲಿ ಅವಚಿಕೊಂಡು ಕಾಡಿಗೆ ಹೊರಟುಹೋದಳು. ಮರುದಿನ ಊರಿನಲ್ಲಿ ಎಂದಿನಂತೆ ಬೆಳಗಾಯಿತು. ಕೂಗಿನಿಂದ ಬೆಳಗಾಗುವುದಿಲ್ಲವೆಂಬುದು ಹೀಗೆ ಬಾಲ್ಯದಲ್ಲಿಯೇ ನಮಗೆ ತಿಳಿದುಹೋಗುತ್ತದೆ. ಆದರೆ ವಿಜ್ಞಾನದ ವಿದ್ಯಾರ್ಥಿ ಇಷ್ಟಕ್ಕೆ ತೃಪ್ತನಾಗಬಾರದು. ಈ ಪ್ರಶ್ನೆಯನ್ನು ತಿರುವಿ ಹಾಕಿ ಕೇಳಬೇಕು: ಕೂಗಿನಿಂದ ಬೆಳಗಾಗದು, ಸರಿ, ಬೆಳಗಿನಿಂದ ಕೂಗು ಉಂಟಾಗುತ್ತದೆಯೆ? ಹೌದೆಂದಾದರೆ, ಗೂಡಿಗೆ ಬೆಳಕು ಹೋಗದಂತೆ ಗೋಣಿಯನ್ನು ಹೊದಿಸಿದರೆ ಹುಂಜ ಸುಮ್ಮನಿರಬೇಕಷ್ಟೆ. ಹಾಗೆ ಹೊದಿಸಿದವರೆಲ್ಲರಿಗೂ ಅದು ಸುಮ್ಮನಿರುವುದಿಲ್ಲವೆಂಬುದು ಗೊತ್ತು. ಏಕೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಮೂಡುಬಿದಿರೆಗೆ ತಾಗಿಕೊಂಡಿರುವ ಪುತ್ತಿಗೆಯನ್ನೇ ನೋಡಿರಿ. ಚೌಟ ಅರಸರು ಉಳ್ಳಾಲದಿಂದ ಬಂದು ನೆಲೆಸಿದ ಹಳೆಯ ಊರು ಇದು. ಬಂಟವಾಳ, ಬೆಳ್ತಂಗಡಿಗಳವರೆಗೂ ಹಬ್ಬಿರುವ ಈ ಸೀಮೆಯಲ್ಲಿ ಮನೆಗಳು ಹಿಂದೆ ಒಂದಕ್ಕೊಂದು ತಾಗಿಕೊಂಡಿರಲಿಲ್ಲ. ಒಂದು ಬೈಲಿಗೆ, ಒಂದು ಗುಡ್ಡೆಯ ಮಗ್ಗುಲಿಗೆ ಒಂದೊಂದು ಮನೆ. ಒಬ್ಬರ ಅಂಗಳದ ಹುಂಜ ಕೂಗಿದರೆ ಇನ್ನೊಬ್ಬರಿಗೆ ಅದು ದೂರದ ಸದ್ದು, ಇಂಪಾದದ್ದು. ಈಗ ಅದೇ ಗುಡ್ಡೆಗಳಲ್ಲಿ ಐದು ಸೆಂಟ್ಸ್ ನಿವೇಶನಗಳು ಎದ್ದಿವೆ. ಐದು ಸೆಂಟ್ಸ್ ಎಂದರೆ ಸುಮಾರು 200 ಚದರ ಮೀಟರು. ಚೌಕವಾಗಿದ್ದರೆ ಒಂದೊಂದು ಬದಿ ಹದಿನಾಲ್ಕು ಮೀಟರು. ಒಬ್ಬರ ಕೋಳಿಗೂಡಿಗೂ ಇನ್ನೊಬ್ಬರ ಮಲಗುವ ಕೋಣೆಯ ಕಿಟಕಿಗೂ ನಡುವೆ ಉಳಿಯುವುದು ಹತ್ತು ಹೆಜ್ಜೆ. ಆ ಕಿಟಕಿಯ ಒಳಗೆ ಪರೀಕ್ಷೆಗಾಗಿ ನಡುರಾತ್ರಿಯವರೆಗೆ ಓದಿ ಮಲಗಿದ ಹುಡುಗಿ ಇರಬಹುದು, ರಾತ್ರಿಯ ಪಾಳಿ ಮುಗಿಸಿ ಬಂದವನು ಇರಬಹುದು, ಜ್ವರದ ಕೂಸು ಇರಬಹುದು.

ಹಾಗಾದರೆ ಹುಂಜನನ್ನು ಮಾರಿಬಿಡಬಾರದೆ? ಮೊಟ್ಟೆ ಮಾತ್ರ ಸಾಕೆನ್ನುವವರು ಖಂಡಿತ ಮಾರಿಬಿಡಬೇಕು. ಹೇಂಟೆ ಮೊಟ್ಟೆಯಿಡುವುದಕ್ಕೆ ಹುಂಜ ಬೇಕಾಗಿಯೇ ಇಲ್ಲ. ಬೇಕಾಗಿರುವುದು ಮೊಟ್ಟೆಯಿಂದ ಮರಿ ಬರುವುದಕ್ಕೆ. ಈ ಸಾಮಾನ್ಯ ಸಂಗತಿ ಕಾಲೇಜಿನ ವಿದ್ಯಾರ್ಥಿಗಳಲ್ಲಿಯೂ ಹಲವರಿಗೆ ತಿಳಿದಿರುವುದಿಲ್ಲವೆಂಬುದು ಸೋಜಿಗ. ಆದರೆ ತುಳುನಾಡಿನಲ್ಲಿ ಹುಂಜ, ಎಂದರೆ ತುಳುವಿನ 'ಪೂಂಜೆ', ಮೊಟ್ಟೆಯ ಲೆಕ್ಕಕ್ಕೆ ಮಾತ್ರ ಸೇರಿದ ಹಕ್ಕಿಯಲ್ಲ. ಮನೆಯಲ್ಲಿ ಯಾರೋ ಕಾಯಿಲೆ ಬಿದ್ದಾಗ ದೈವಕ್ಕೆ ಹರಕೆ ಹೇಳಿ ಬಿಟ್ಟ ಕೋಳಿ ಅದಾಗಿರಬಹುದು; ಕೋಲದ ದಿನದವರೆಗೆ ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಕಾನೂನು ಒಪ್ಪದಿದ್ದರೂ ನಿಲ್ಲದ ಕೋಳಿಅಂಕಕ್ಕಾಗಿ, ಬಣ್ಣಕ್ಕೂ ದಿನಕ್ಕೂ ಗೆಲುವನ್ನು ಗಂಟುಹಾಕುವ ಕುಕ್ಕುಟ ಪಂಚಾಂಗವನ್ನು ನಂಬಿ, ನಾಲ್ಕೈದು ಹುಂಜಗಳನ್ನು ಸಾಕುವವರೂ ಉಂಟು. ಊರಕೋಳಿಯ ಮರಿಗಳನ್ನು ಮಾರಿ ನಾಲ್ಕು ಕಾಸು ಕಾಣುವ ಮನೆಗಳೂ ಉಂಟು. ಹೀಗೆ ಹುಂಜ ಉಳಿಯುತ್ತದೆ, ನೆರೆಯವರೂ ಉಳಿಯುತ್ತಾರೆ. ಉಪಾಯವನ್ನು ಇವೆರಡರ ನಡುವೆ ಹುಡುಕಬೇಕು.

ಜಪಾನಿನ ನಾಗೋಯಾ ವಿಶ್ವವಿದ್ಯಾಲಯದ ಶಿಮ್ಮುರಾ ಮತ್ತು ಯೋಶಿಮುರಾ ಎಂಬ ವಿಜ್ಞಾನಿಗಳು ಮೇಲಿನ ಪ್ರಶ್ನೆಯನ್ನೇ ಎತ್ತಿಕೊಂಡು 2013ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಹೊರಗಿನ ಬೆಳಕು ಸುಳಿಯದ ಕೋಣೆಯಲ್ಲಿ ಹುಂಜಗಳನ್ನಿರಿಸಿ, ಹನ್ನೆರಡು ಗಂಟೆ ದೀಪದ ಬೆಳಕು, ಹನ್ನೆರಡು ಗಂಟೆ ಮಬ್ಬು, ಹೀಗೆ ಕೃತಕವಾದ ಹಗಲು ರಾತ್ರಿಗಳನ್ನು ಕೊಟ್ಟರು. ದೀಪ ಹೊತ್ತುವುದಕ್ಕೆ ಸುಮಾರು ಎರಡು ಗಂಟೆ ಮುಂಚೆಯೇ ಹುಂಜಗಳು ಕೂಗತೊಡಗಿದವು! ಮುಂದೆ ದೀಪವನ್ನೇ ಹೊತ್ತಿಸದೆ ಎಡೆಬಿಡದೆ ಮಬ್ಬಿನಲ್ಲಿಯೇ ಇರಿಸಿದಾಗಲೂ, ದಿನಕ್ಕೊಮ್ಮೆ 'ಬೆಳಗಿನ' ಹೊತ್ತಿಗೆ ಕೂಗುವುದು ಹಲವು ದಿನ ನಿಲ್ಲಲಿಲ್ಲ. ಆದರೆ ಆ ದಿನದ ಅಳತೆ ಸರಿಯಾಗಿ 24 ಗಂಟೆಯಾಗಿರದೆ ಅದಕ್ಕಿಂತ ತುಸು ಕಡಮೆಯಾಗಿತ್ತು. ಹೊರಗಿನ ಯಾವುದೋ ಸೂಕ್ಷ್ಮ ಸೂಚನೆಯಿಂದ ಹುಂಜ ಹೊತ್ತನ್ನು ಅರಿಯುತ್ತಿದ್ದರೆ ಅಳತೆ 24 ಗಂಟೆಯೇ ಆಗಿರಬೇಕಿತ್ತು. ಈ ಸಣ್ಣ ವ್ಯತ್ಯಾಸವೇ ಗಡಿಯಾರವು ಹಕ್ಕಿಯ ಒಳಗಿದೆಯೆಂಬುದಕ್ಕೆ ಸಾಕ್ಷಿ. ಅವರು ಕಂಡ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಥಟ್ಟನೆ ಬೀಳುವ ಬೆಳಕು, ಬೇರೆ ಹುಂಜನ ಕೂಗು, ಇವೆರಡೂ ಹುಂಜನನ್ನು ಕೂಗಿಸುತ್ತವೆ. ಆದರೆ ಒಳಗಿನ ಗಡಿಯಾರವು ಬೆಳಗಿನ ಜಾವವನ್ನು ತೋರಿಸುತ್ತಿರುವಾಗ ಅವುಗಳ ಪ್ರಭಾವ ಹೆಚ್ಚು, ಉಳಿದ ಹೊತ್ತಿನಲ್ಲಿ ಕಡಮೆ.

ಈ ಗಡಿಯಾರವನ್ನು ಪ್ರತಿದಿನ ತಿದ್ದಿ ಸರಿಪಡಿಸುವ ಕೆಲಸ ಮಾತ್ರ ಬೆಳಕಿನದು. ಕಣ್ಣಿನಿಂದಲೇ ಅಲ್ಲ, ಕೋಳಿಯ ಮಿದುಳಿನ ಮೇಲ್ಭಾಗದಲ್ಲಿರುವ ಪೀನಿಯಲ್ ಗ್ರಂಥಿಗೆ ತಲೆಬುರುಡೆಯನ್ನು ಹಾಯ್ದುಹೋದ ಬೆಳಕು ನೇರವಾಗಿ ತಲಪುತ್ತದೆ. ಆ ಗ್ರಂಥಿಯಲ್ಲಿ ಬೆಳಕನ್ನು ಹಿಡಿಯುವ ವಸ್ತುವೊಂದನ್ನು ಜಪಾನಿನವರೇ 1994ರಲ್ಲಿ ಗುರುತಿಸಿ ಅದಕ್ಕೆ 'ಪಿನಾಪ್ಸಿನ್' ಎಂದು ಹೆಸರಿಟ್ಟರು. ಕೋಳಿಗೆ ನೆತ್ತಿಯಲ್ಲಿಯೂ ಒಂದು ಬಗೆಯ ಕಣ್ಣಿದೆಯೆಂದರೆ ತೀರ ತಪ್ಪಾಗಲಾರದು.

ಈಗ ನಮ್ಮ ಊರಿನ ಲೆಕ್ಕ ಮಾಡೋಣ. ಪುತ್ತಿಗೆಯಲ್ಲಿ ಮೇ ತಿಂಗಳ ಕೊನೆಗೆ ಸೂರ್ಯೋದಯ ಸುಮಾರು 6 ಗಂಟೆಗೆ. ಜನವರಿಯ ಕೊನೆಗೆ 7 ಗಂಟೆಗೆ ಕೆಲವೇ ನಿಮಿಷಗಳಿರುವಾಗ. ಹುಂಜನ ಗಡಿಯಾರ ಅನುಸರಿಸುವುದು ಸೂರ್ಯನನ್ನು, ನಮ್ಮ ಗೋಡೆಯ ಗಡಿಯಾರವನ್ನಲ್ಲ. ಪ್ರಯೋಗಶಾಲೆಯ ಎರಡು ಗಂಟೆಯನ್ನು ಇಲ್ಲಿಗೂ ಅನ್ವಯಿಸಿದರೆ ಮೊದಲ ಕೂಗು ಬೇಸಗೆಯಲ್ಲಿ 4 ಗಂಟೆಯ ಸುಮಾರಿಗೆ, ಚಳಿಗಾಲದಲ್ಲಿ 5ರ ಸುಮಾರಿಗೆ ಬರತಕ್ಕದ್ದು. 'ಹುಂಜನಿಗೆ ಬೇಸಗೆಯಲ್ಲಿ ಹುಚ್ಚು ಹಿಡಿಯುತ್ತದೆ' ಎಂದು ದೂರುವವರು ಈ ಲೆಕ್ಕವನ್ನು ಗಮನಿಸಬೇಕು.

ಒಂದು ಹುಂಜ ಕೂಗಿದರೆ ಊರೆಲ್ಲ ಕೂಗುವುದೇಕೆ? ಅದೇ ವಿಜ್ಞಾನಿಗಳು 2015ರಲ್ಲಿ ಇದಕ್ಕೂ ಉತ್ತರ ಕೊಟ್ಟರು. ಒಟ್ಟಿಗೆ ಸಾಕಿದ ಹುಂಜಗಳು ಕಾದಾಡಿ ತಮ್ಮೊಳಗೆ ಮೇಲುಕೀಳುಗಳನ್ನು ಗೊತ್ತುಮಾಡಿಕೊಳ್ಳುತ್ತವೆ. ಬೆಳಗಿನಲ್ಲಿ ಮೊದಲು ಕೂಗುವ ಹಕ್ಕು ಎಲ್ಲಕ್ಕಿಂತ ಮೇಲಿನ ಹುಂಜನದು. ಅದರ ಹಿಂದೆ ಎರಡನೆಯದು, ಮೂರನೆಯದು, ಹೀಗೆ ಕ್ರಮವಾಗಿ. ಯಜಮಾನ ಹುಂಜನನ್ನು ಗುಂಪಿನಿಂದ ತೆಗೆದರೆ ಎರಡನೆಯದು ಆ ಪಟ್ಟಕ್ಕೇರಿ ಮೊದಲು ಕೂಗುತ್ತದೆ. ಆದುದರಿಂದ ಗಲಾಟೆಯೆಬ್ಬಿಸುವ ಒಂದು ಹುಂಜನನ್ನು ಸಾರಿಗೆ ಹಾಕಿ, ಉಳಿದ ಮೂರು ಸಾಧುಗಳೆಂದು ನೆಮ್ಮದಿಯಿಂದಿರುವಂತಿಲ್ಲ. ನಾಲ್ಕಿದ್ದಲ್ಲಿ ಒಂದು ಉಳಿದರೆ ಸರಪಳಿ ಕಡಿಯುತ್ತದೆ. ಮೂರು ಉಳಿದರೆ ಕಡಿಯುವುದಿಲ್ಲ.

ಕೂಗಿನ ಮೂಲವನ್ನು ಹುಡುಕಿದರೆ ಕಾಡಿಗೆ ಹೋಗಬೇಕಾಗುತ್ತದೆ. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ನಮ್ಮ ಘಟ್ಟದ ಕಾಡಿನಲ್ಲಿರುವ ಬೂದು ಕಾಡುಕೋಳಿಯ ಪಾಲೂ ಅದರಲ್ಲಿದೆ. ಕೋಳಿಯ ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ಜೀನು ಈ ಹಕ್ಕಿಯಿಂದ ಬಂದುದೆಂದು 2008ರಲ್ಲಿ ತಿಳಿದುಬಂತು. ದಟ್ಟವಾದ ಪೊದೆಗಳಲ್ಲಿ ಒಂದು ಹುಂಜ ಇನ್ನೊಂದನ್ನು ಕಾಣಲಾರದು. 'ಇದು ನನ್ನ ಸೀಮೆ' ಎಂದು ಸಾರುವುದಕ್ಕೆ ಕೂಗೊಂದೇ ಸಾಧನ. ಆದರೆ ಸಾರಿದವನು ತಾನಿರುವ ಸ್ಥಳವನ್ನು ಶತ್ರುವಿಗೂ ಸಾರಿದಂತಾಗುತ್ತದೆ. ಜನ್ನ ಕವಿಯ 'ಯಶೋಧರ ಚರಿತೆ'ಯಲ್ಲಿ ಎರಡು ಕೋಳಿಗಳು ಕೂಗಿದ ಸದ್ದನ್ನೇ ಗುರಿಯಾಗಿಟ್ಟು ಅರಸನು ಬಾಣಬಿಟ್ಟು ಕೊಲ್ಲುತ್ತಾನೆ. ಮೂಡುಬಿದಿರೆಯ ಬಸದಿಗಳ ನೆರಳಿನಲ್ಲಿ ಬೆಳೆದವರಿಗೆ ಈ ಕತೆ ಹೊಸದಲ್ಲ.

ಇನ್ನು ಕೂಗು ಹುಟ್ಟುವ ಬಗೆ. ನಮ್ಮ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಗಳ ಧ್ವನಿಯಂತ್ರವಿರುವುದು ಶ್ವಾಸನಾಳವು ಎರಡಾಗಿ ಕವಲೊಡೆಯುವ ಕೆಳತುದಿಯಲ್ಲಿ, ಎದೆಯ ಒಳಗೆ. ಅದರ ಸುತ್ತ ಗಾಳಿಚೀಲವೊಂದು ಹರಡಿದೆ. ಹುಂಜ ಕುತ್ತಿಗೆಯನ್ನು ನೀಡಿ, ಚೀಲಗಳಲ್ಲಿದ್ದ ಗಾಳಿಯನ್ನು ಒಂದೇ ಉಸಿರಿನಲ್ಲಿ ಹೊರದೂಡಿದಾಗ ಅಲ್ಲಿನ ತೆಳುಪೊರೆಗಳು ಕಂಪಿಸಿ ಕೂಗು ಹೊರಡುತ್ತದೆ. ಮೊದಲು ಗಿಡ್ಡ, ಆಮೇಲೆ ಉದ್ದ, ಕೊನೆಗೆ ಇನ್ನೂ ಉದ್ದ: ಪಾಣಿನಿಯು ಹ್ರಸ್ವ, ದೀರ್ಘ, ಪ್ಲುತಗಳ ಅಳತೆಗೆ 'ಉ'ಕಾರವನ್ನು ಆರಿಸಿದ್ದು ಹುಂಜನ ಕೂಗನ್ನು ನೆನೆದೇ ಎಂದು ವ್ಯಾಖ್ಯಾನಕಾರರು ಹೇಳುವುದುಂಟು. ವ್ಯಾಕರಣದ ತರಗತಿಯಲ್ಲಿ ತೂಕಡಿಸುವವರು ಇದನ್ನಾದರೂ ನೆನಪಿಡಬಹುದು.

ಈ ಕೂಗಿನ ಬಲವೆಷ್ಟು? ಬೆಲ್ಜಿಯಮ್ಮಿನ ವಿಜ್ಞಾನಿಗಳು ಹುಂಜನ ಕಿವಿಯ ಬಳಿಯೇ ಪುಟ್ಟ ಧ್ವನಿಗ್ರಾಹಕವನ್ನು ಕಟ್ಟಿ ಅಳೆದು, ಅಲ್ಲಿ ಅದು 140 ಡೆಸಿಬೆಲ್ಲನ್ನೂ ಮೀರಬಹುದೆಂದು 2018ರಲ್ಲಿ ತಿಳಿಸಿದರು. ಮನುಷ್ಯನ ಕಿವಿಗೆ ಕೇಡುಂಟುಮಾಡಬಲ್ಲ ಸದ್ದು ಅದು. ಹುಂಜ ತನ್ನ ಕೂಗಿನಿಂದ ತಾನೇ ಕಿವುಡಾಗದಿರುವುದಕ್ಕೂ ಅವರು ಕಾರಣ ಕಂಡರು: ಕೊಕ್ಕು ಪೂರ್ತಿಯಾಗಿ ತೆರೆದಾಗ ಕಿವಿಯ ನಾಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೂಗುವವನ ಕಿವಿಗೆ ಬಾಗಿಲಿದೆ. ಕೇಳುವ ನೆರೆಯವನ ಕಿವಿಗಿಲ್ಲ.

ದೂರ ಹೋದಂತೆ ಸದ್ದು ಕುಗ್ಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆಂಬುದು ಭೌತಶಾಸ್ತ್ರದ ನಿಯಮ. ಲೆಕ್ಕಕ್ಕಾಗಿ, ಒಂದು ಮೀಟರು ದೂರದಲ್ಲಿ 100 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಎರಡು ಮೀಟರಿನಲ್ಲಿ 94, ನಾಲ್ಕರಲ್ಲಿ 88, ಎಂಟರಲ್ಲಿ 82, ಹದಿನಾರರಲ್ಲಿ 76. ಐದು ಸೆಂಟ್ಸ್ ನಿವೇಶನದ ಗಡಿ ಇಲ್ಲಿಗೆ ಮುಗಿಯಿತು. ನಮ್ಮ ದೇಶದಲ್ಲಿ 2000ದಲ್ಲಿ ಬಂದ ಶಬ್ದಮಾಲಿನ್ಯದ ನಿಯಮಗಳು ವಾಸದ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗೊತ್ತುಮಾಡಿರುವ ಮಿತಿ 45 ಡೆಸಿಬೆಲ್. ಅದು ಒಟ್ಟು ಹೊತ್ತಿನ ಸರಾಸರಿಯಾದುದರಿಂದ ಒಂದು ಕೂಗನ್ನು ಅದರೊಡನೆ ನೇರವಾಗಿ ಹೋಲಿಸಬಾರದು. ಆದರೂ ಅಂತರವೆಷ್ಟೆಂಬುದು ಕಾಣುತ್ತದೆ.

ಇದಲ್ಲದೆ ಬೆಳಗಿನ ಜಾವದ ಗಾಳಿಯೂ ಹುಂಜನ ಪಕ್ಷವನ್ನೇ ವಹಿಸುತ್ತದೆ. ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ಬೇಗ ತಣಿಯುತ್ತದೆ. ಬೈಲಿನ ಗದ್ದೆಗಳ ಮೇಲೆ ತಂಪಾದ ಗಾಳಿ ಕೆಳಗೆ, ಅದಕ್ಕಿಂತ ಬೆಚ್ಚಗಿನ ಗಾಳಿ ಮೇಲೆ ನಿಲ್ಲುತ್ತದೆ. ಹಗಲಿನ ಕ್ರಮಕ್ಕೆ ಇದು ತಲೆಕೆಳಗು. ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು (ಒಂದು ಸೆಲ್ಸಿಯಸ್ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರು). ಆದುದರಿಂದ ಮೇಲಕ್ಕೆ ಹೊರಟ ಶಬ್ದದ ಅಲೆಗಳು ಬಾಗಿ ಮತ್ತೆ ನೆಲದ ಕಡೆಗೆ ಬರುತ್ತವೆ. ಮಧ್ಯಾಹ್ನ ಆಕಾಶಕ್ಕೆ ಹಾರಿಹೋಗುತ್ತಿದ್ದ ಕೂಗು ಮುಂಜಾನೆ ಬೈಲಿನ ಆಚೆಯ ಮನೆಗೂ ಕೇಳಿಸುವುದಕ್ಕೆ ಇದೊಂದು ಕಾರಣ. ಸುತ್ತಲ ನಿಶ್ಶಬ್ದ ಇನ್ನೊಂದು ಕಾರಣ.

ಇಷ್ಟು ತಿಳಿದ ಮೇಲೆ ಉಪಾಯಗಳನ್ನು ತೂಗಿನೋಡುವುದು ಸುಲಭ. ಮೊದಲು ಬೆಳಕಿನ ವಿಷಯ. ಗೂಡನ್ನು ಕತ್ತಲೆ ಮಾಡುವುದರಿಂದ ಹುಂಜನನ್ನು ವಂಚಿಸಲಾಗುವುದಿಲ್ಲ. ಒಂದು ದಿನ ಗೋಣಿ ಹೊದಿಸಿ ಫಲ ಕಾಣಲಿಲ್ಲವೆಂದು ಬಿಟ್ಟುಬಿಡುವವರು ಎಡವುವುದು ಇಲ್ಲಿಯೇ. ಕತ್ತಲೆಯ ಪ್ರಯೋಜನ ಎರಡು. ದಾರಿದೀಪ, ವಾಹನಗಳ ದೀಪ, ಬೆಳಗಿನ ಮೊದಲ ಬೆಳಕು ಇವು ಜಾವದಲ್ಲಿ ಹುಂಜನನ್ನು ಕೆಣಕುವುದು ತಪ್ಪುತ್ತದೆ. ಅಲ್ಲದೆ, ಪ್ರತಿದಿನ ಒಂದೇ ಹೊತ್ತಿಗೆ, ಉದಾಹರಣೆಗೆ ಏಳೂವರೆಗೆ, ಬಾಗಿಲು ತೆರೆಯುವುದನ್ನು ವಾರಗಟ್ಟಲೆ ತಪ್ಪದೆ ನಡಸಿದರೆ ಒಳಗಿನ ಗಡಿಯಾರವೇ ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ಬಾಗಿಲನ್ನು ತಡಮಾಡಿದಷ್ಟೇ ಕೂಗೂ ತಡವಾಗುತ್ತದೆಂದು ಮಾತ್ರ ಎಣಿಸಬಾರದು. ಸಂಜೆಯ ಬೆಳಕು ಕೂಡ ಗಡಿಯಾರವನ್ನು ತಿದ್ದುತ್ತಿರುತ್ತದೆ. ಹೇಂಟೆಗಳನ್ನು ಈ ಕತ್ತಲೆಯಲ್ಲಿ ಕೂಡಬಾರದು. ಹಗಲು ಗಿಡ್ಡವಾದರೆ ಮೊಟ್ಟೆ ಕಡಮೆಯಾಗುತ್ತದೆ. ಹುಂಜನಿಗೆ ಮಾತ್ರ ರಾತ್ರಿಗೊಂದು ಪ್ರತ್ಯೇಕ ಗೂಡಿರಲಿ.

ಆ ಗೂಡು ಹೇಗಿರಬೇಕು? ಶಬ್ದವನ್ನು ತಡೆಯುವುದು ಭಾರ. ಮಡಲಿನ ತಟ್ಟಿಯೂ ತಗಡೂ ಹಗುರ, ಅವುಗಳಿಂದ ಏನೂ ಆಗದು. ನಮ್ಮ ಕೆಂಪುಕಲ್ಲಿನ ಗೋಡೆ ಈ ಕೆಲಸಕ್ಕೆ ಅತ್ಯುತ್ತಮ. ಆದರೆ ಮೇಲೆ ಬರಿಯ ಹೆಂಚು ಹೊದಿಸಿದರೆ ಸಂದುಗಳಲ್ಲಿ ಸದ್ದೂ ಬೆಳಕೂ ಸೋರುತ್ತವೆ. ಹೆಂಚಿನ ಕೆಳಗೆ ದಪ್ಪ ಹಲಗೆ ಬೇಕು. ಸಂದುಗಳ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗೋಡೆ ಎಷ್ಟೇ ದಪ್ಪವಾಗಿರಲಿ, ಅದರ ವಿಸ್ತಾರದಲ್ಲಿ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಒಟ್ಟು ತಡೆ 20 ಡೆಸಿಬೆಲ್ಲನ್ನು ಮೀರಲಾರದು.

ಹಾಗೆಂದು ಎಲ್ಲವನ್ನೂ ಮುಚ್ಚಿಬಿಟ್ಟರೆ ಹುಂಜ ಸತ್ತೇ ಹೋಗಬಹುದು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಸುಮಾರು 41 ಸೆಲ್ಸಿಯಸ್ ಡಿಗ್ರಿಯ ಮೈಬಿಸಿಯ ಹಕ್ಕಿ ಅದು. ಏದುಸಿರು ಬಿಟ್ಟು ನೀರಾವಿಯೊಡನೆ ಮೈಯ ಬಿಸಿಯನ್ನು ಹೊರಗೆ ಹಾಕಬೇಕು. ಕರಾವಳಿಯ ಸೆಕೆಯಲ್ಲಿ, ತೇವ ತುಂಬಿದ ಗಾಳಿಯಲ್ಲಿ ಅದು ಕಷ್ಟ. ಮಳೆಗಾಲದಲ್ಲಿ ಒದ್ದೆಯಾದ ಹಿಕ್ಕೆಯಿಂದೇಳುವ ಅಮೋನಿಯಾ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಆದುದರಿಂದ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಇರಲೇಬೇಕು. ಕಿಂಡಿಯ ಮುಂದೆ ಎರಡು ಹಲಗೆಗಳನ್ನು ಒಂದಕ್ಕೊಂದು ಎದುರುಬದುರಾಗಿ, ತುದಿಗಳು ಒಂದರ ಮೇಲೊಂದು ಹಾಯುವಂತೆ ನಿಲ್ಲಿಸಿ ಕಪ್ಪು ಬಳಿದರೆ, ಗಾಳಿ ಅಂಕುಡೊಂಕಾಗಿ ನುಸುಳಿ ಬರುತ್ತದೆ. ನೇರವಾಗಿ ಹೋಗುವ ಬೆಳಕು ನಿಲ್ಲುತ್ತದೆ. ಸದ್ದು ತಿರುವಿನಲ್ಲಿ ಒಂದಿಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕಿಂಡಿಯೂ ಬಾಗಿಲೂ ನೆರೆಮನೆಗೆ ಬೆನ್ನುಹಾಕಿರಲಿ. ಕಾಡುಬೆಕ್ಕು, ಹೆಬ್ಬಾವುಗಳ ಭಯದಿಂದ ಹೇಗೂ ರಾತ್ರಿ ಕೋಳಿಯನ್ನು ಕೂಡುವ ಸೀಮೆ ನಮ್ಮದು. ಇದು ಆ ಪದ್ಧತಿಯನ್ನೇ ತುಸು ಬಿಗಿಗೊಳಿಸಿದಂತೆ.

ತಲೆಯೆತ್ತದಂತೆ ತಗ್ಗಾದ ಪೆಟ್ಟಿಗೆಯಲ್ಲಿಡುವುದು, ಗಿಡ್ಡ ಬುಟ್ಟಿಯನ್ನು ಕವುಚುವುದು ಹಲವರ ಸಲಹೆ. ಕುತ್ತಿಗೆ ನೀಡದೆ ಕೂಗುವುದು ಕಷ್ಟವೆಂಬುದು ನಿಜ. ಆದರೆ ಅಲುಗಾಡಲಾಗದ ಸ್ಥಳದಲ್ಲಿ ಪ್ರಾಣಿಯನ್ನು ಕೂಡಿಹಾಕುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ, ಕಾಯಿದೆಯಿಲ್ಲದಿದ್ದರೂ ಅದು ಹಿಂಸೆಯೇ. ಕೊರಳಿಗೆ ಬಿಗಿಯುವ ಪಟ್ಟಿಗಳನ್ನೂ ಮಾರುತ್ತಾರೆ. ಗಾಳಿ ಒಮ್ಮೆಗೇ ನುಗ್ಗದಂತೆ ತಡೆದು ಕೂಗನ್ನು ಕುಗ್ಗಿಸುವುದು ಅವುಗಳ ತಂತ್ರ. ಒಂದು ಬೆರಳು ಬಿಗಿಯಾದರೆ ಉಸಿರು ಕಟ್ಟುತ್ತದೆ, ಮೇವು ಗಂಟಲಲ್ಲಿ ನಿಲ್ಲುತ್ತದೆ. ನಾನು ಇದನ್ನು ಯಾರಿಗೂ ಹೇಳಿಕೊಡಲಾರೆ.

ಕೂಗಿನ ಬೇರು ವೃಷಣದಲ್ಲಿದೆ. ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಬರ್ಟೋಲ್ಡ್ ಎಂಬ ವಿಜ್ಞಾನಿ 1849ರಲ್ಲಿ ಎಳೆಯ ಹುಂಜಗಳ ವೃಷಣಗಳನ್ನು ತೆಗೆದನು. ಅವು ಕೂಗಲಿಲ್ಲ, ಕಾದಲಿಲ್ಲ, ಜುಟ್ಟು ಬೆಳೆಯಲಿಲ್ಲ. ವೃಷಣವನ್ನು ಹೊಟ್ಟೆಯೊಳಗೆ ಬೇರೆಡೆ ನೆಟ್ಟ ಹುಂಜಗಳು ಮಾತ್ರ ಎಂದಿನಂತೆ ಕೂಗಿದವು, ಕಾದಿದವು. ಹಳೆಯ ನರಗಳ ಸಂಬಂಧ ಕಡಿದಿದ್ದುದರಿಂದ, ರಕ್ತದ ಮೂಲಕವೇ ಏನೋ ಒಂದು ಹರಿಯುತ್ತಿರಬೇಕೆಂದು ಅವನು ಊಹಿಸಿದನು. ಹಾರ್ಮೋನುಗಳ ವಿಜ್ಞಾನಕ್ಕೆ ಇದೊಂದು ಬುನಾದಿಯಾಯಿತು. ಆ ವಸ್ತು, ಟೆಸ್ಟೋಸ್ಟಿರೋನ್, ಶುದ್ಧ ರೂಪದಲ್ಲಿ ಕೈಗೆ ಸಿಕ್ಕಿದ್ದು 1935ರಲ್ಲಿ. ನಾಲ್ಕೈದು ತಿಂಗಳ ಮರಿ ಒಂದು ದಿನ ಒಡಕು ದನಿಯಲ್ಲಿ ಕೂಗತೊಡಗುವುದೂ ಇದರಿಂದಲೇ. ಅಪರೂಪಕ್ಕೆ ಹೇಂಟೆ ಕೂಗಿದರೆ ಅಪಶಕುನವೆಂದು ನಮ್ಮವರು ಬೆದರುವುದುಂಟು. ಕೋಳಿಗೆ ಕೆಲಸಮಾಡುವ ಅಂಡಾಶಯ ಎಡಗಡೆಯದೊಂದೇ. ಅದು ರೋಗದಿಂದ ಕೆಟ್ಟಾಗ ಬಲಗಡೆಯ ಮೊಳಕೆ ಬೆಳೆದು ಗಂಡುಹಾರ್ಮೋನನ್ನು ಸುರಿಸಬಹುದು. ಶಕುನವಲ್ಲ, ಕಾಯಿಲೆ. ಬೀಜ ತೆಗೆಸಿದರೆ ಹುಂಜ ಮೌನವಾಗುವುದು ಹೀಗೆ ನಿಜವಾದರೂ, ಹಕ್ಕಿಯ ವೃಷಣ ಹೊಟ್ಟೆಯ ಒಳಗೆ ಬೆನ್ನಿಗೆ ತಾಗಿರುವುದರಿಂದ ಅದು ದೊಡ್ಡ ಶಸ್ತ್ರಕ್ರಿಯೆ, ಮನೆಯಲ್ಲಿ ಮಾಡತಕ್ಕದ್ದಲ್ಲ. ಹರಕೆಯ ಕೋಳಿಗೆ ಅಂಗಹೀನತೆ ಸಲ್ಲದೆಂದು ಮನೆಯವರು ಒಪ್ಪಲಾರರೆಂಬುದು ಬೇರೆ ಮಾತು.

ಈ ಜಗಳ ನಮ್ಮ ಸೀಮೆಯದು ಮಾತ್ರವಲ್ಲ. ಫ್ರಾನ್ಸಿನ ಒಲೆರಾನ್ ದ್ವೀಪದಲ್ಲಿ ಮಾರೀಸ್ ಎಂಬ ಹುಂಜನ ಮೇಲೆ ನೆರೆಯವರು ಮೊಕದ್ದಮೆ ಹೂಡಿದರು. 2019ರಲ್ಲಿ ನ್ಯಾಯಾಲಯ ಹುಂಜನ ಪರವಾಗಿ ತೀರ್ಪಿತ್ತಿತು. 2021ರಲ್ಲಿ ಆ ದೇಶ ಹಳ್ಳಿಯ ಸದ್ದು ವಾಸನೆಗಳನ್ನು ಪರಂಪರೆಯ ಭಾಗವೆಂದು ಮನ್ನಿಸುವ ಕಾಯಿದೆಯನ್ನೇ ಮಾಡಿತು. ಮಾರೀಸ್ ಗೆದ್ದಿತು, ಸರಿ. ಪಕ್ಕದ ಮನೆಯವರಿಗೆ ಅದರಿಂದ ನಿದ್ದೆ ಬಂದಿರಲಾರದು.

ಹುಂಜ ಸಾಕುವ ಮನೆಯ ವಿದ್ಯಾರ್ಥಿಗಳು ತಾವೇ ಒಂದು ಪರೀಕ್ಷೆ ನಡಸಬಹುದು. ಬೇಕಾಗುವುದು ಗಡಿಯಾರವೂ ನೋಟುಪುಸ್ತಕವೂ ಮಾತ್ರ. ಮೊದಲ ವಾರ ಗೂಡಿನಲ್ಲಿ ಏನನ್ನೂ ಬದಲಾಯಿಸದೆ ಮೊದಲ ಕೂಗಿನ ಹೊತ್ತು, ಆರು ಗಂಟೆಯೊಳಗಿನ ಕೂಗುಗಳ ಸಂಖ್ಯೆ, ಮೊದಲು ಕೂಗಿದ್ದು ನಮ್ಮದೋ ನೆರೆಯದೋ ಎಂಬುದು, ಅಂದಿನ ಸೂರ್ಯೋದಯ, ಇವನ್ನು ಬರೆದಿಡಿರಿ. ಮುಂದಿನ ಮೂರು ವಾರ ಹುಂಜನನ್ನು ಕತ್ತಲೆಯ ಗೂಡಿನಲ್ಲಿರಿಸಿ, ಒಂದೇ ಹೊತ್ತಿಗೆ ಬಾಗಿಲು ತೆರೆಯುತ್ತ, ಅದೇ ಪಟ್ಟಿಯನ್ನು ಮುಂದುವರಿಸಿರಿ. ಸಾಧ್ಯವಾದರೆ ನೆರೆಮನೆಯವರೂ ತಮ್ಮ ಕಿಟಕಿಯಿಂದ ಕೇಳಿಸಿದ ಕೂಗುಗಳನ್ನು ಎಣಿಸಿ ಬರೆಯಲಿ. ಎರಡು ಪಟ್ಟಿಗಳಲ್ಲಿ ಸಂಖ್ಯೆ ಬೇರೆಬೇರೆಯಾದರೆ, ಗೋಡೆ ತಡೆದ ಕೂಗುಗಳೆಷ್ಟೆಂಬುದು ಅಲ್ಲಿ ಸಿಗುತ್ತದೆ.